ಚೆಕಿಂಗಮ್ಮನ ಕೋಟು

ನಮ್ಮತ್ತೆಯನ್ನು ಹೆಸರು ಹಿಡಿದು ಕೇಳಿಕೊಂಡು ಬಂದರೆ ನಮ್ಮ ಬೀದಿಯಲ್ಲಿ ಯಾರೂ ಮನೆ ತೋರಿಸುವುದಿಲ್ಲ. ಚೆಕಿಂಗಮ್ಮ ಅನ್ನಬೇಕು. ಆಗ ಆಡುವ ಮಕ್ಕಳೂ ಆಟ ನಿಲ್ಲಿಸಿ, ಬೆರಳು ಮಾಡಿ ತೋರಿಸಿ, ಓಡಿಹೋಗುತ್ತವೆ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಅವರದು. ನಿಲ್ದಾಣವಲ್ಲದ ಕಡೆ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವುದು, ಹಿಂದಿನ ಬಾಗಿಲಿನಿಂದ ಹತ್ತುವುದು, ಒಬ್ಬೊಬ್ಬರ ಟಿಕೆಟನ್ನೂ ಇಸಿದುಕೊಂಡು ನೇರಳೆ ಪೆನ್ಸಿಲ್ಲಿನಲ್ಲಿ ಒಂದು ಗೀಟು ಎಳೆದು ವಾಪಸು ಕೊಡುವುದು. ತುದಿಯನ್ನು ನಾಲಿಗೆಗೆ ತಾಗಿಸಿ ಬರೆದರೆ ಶಾಯಿಯ ಹಾಗೆ ಹಿಡಿದುಕೊಳ್ಳುವ ಪೆನ್ಸಿಲ್ಲು ಅದು. ನಿವೃತ್ತಿಯಾದ ಮೇಲೂ ಆ ಪೆನ್ಸಿಲ್ಲು ಅವರ ಜೇಬು ಬಿಡಲಿಲ್ಲ, ಇಲಾಖೆಯ ಖಾಕಿ ಕೋಟು ಅವರ ಮೈ ಬಿಡಲಿಲ್ಲ, ಅನುಮಾನವಂತೂ ಹುಟ್ಟಿನಿಂದಲೇ ಬಂದದ್ದು, ಅದೆಲ್ಲಿಗೆ ಹೋದೀತು?

"ಟಿಕೆಟ್ ಇಲ್ದೋರು ಎರಡು ಥರ ಕಣೆ" ಎಂದು ನನಗೆ ಪಾಠ ಹೇಳುತ್ತಿದ್ದರು. "ಒಬ್ರು ಕಿಟಕಿಯಿಂದಾಚೆ ನೋಡ್ತಾರೆ. ಇನ್ನೊಬ್ರು ನನಗಿಂತ ಮೊದ್ಲೇ ನಗ್ತಾರೆ. ಟಿಕೆಟ್ ಇರೋರು ಸುಮ್ನೆ ಕೈ ಮುಂದೆ ಮಾಡ್ತಾರೆ. ತೋರಿಸೋಕೆ ತಕರಾರು ಮಾಡೋರ ಹತ್ರ ಏನೂ ಇರಲ್ಲ, ತಿಳ್ಕೋ."

ಒಮ್ಮೆ ಸ್ವಂತ ಅಣ್ಣನ ಹೆಂಡತಿಯನ್ನೇ ಟಿಕೆಟ್ಟಿಲ್ಲದೆ ಹಿಡಿದು, ಬಸ್ಸು ತುಂಬ ಜನರ ಮುಂದೆ ದಂಡ ಹಾಕಿದವರು. "ಅತ್ತಿಗೆ ಆದ್ರೇನು, ಬಸ್ಸೇನು ನಮ್ಮಪ್ಪಂದಾ?" ಎಂದರಂತೆ. ಆ ಅತ್ತಿಗೆ ಇವತ್ತಿಗೂ ನಮ್ಮ ಮನೆ ಮೆಟ್ಟಿಲು ತುಳಿದಿಲ್ಲ. ಹಾಲಿನವನ ಪಾತ್ರೆಗೆ ಬೆರಳದ್ದಿ ನೋಡುವುದು, ತರಕಾರಿಯವಳ ತಕ್ಕಡಿಯ ಅಡಿ ತಡವುವುದು, ಹೆತ್ತ ಮಗ ಕೆಲಸದಿಂದ ಬಂದರೆ ಅಂಗಿ ಮೂಸುವುದು, ಇದೆಲ್ಲ ದಿನನಿತ್ಯದ ಕಾರ್ಯಕ್ರಮ. ನನ್ನ ಗಂಡ ಹಸುವಿನಂಥವನು, ಮೂಸಿಸಿಕೊಂಡು ನಿಲ್ಲುತ್ತಾನೆ. ನಾನು ನಿಲ್ಲುವವಳಲ್ಲ. ನನ್ನನ್ನು ಸೊಸೆ ಮಾಡಿಕೊಳ್ಳುವ ಮೊದಲು, ನಾನು ಕೆಲಸ ಮಾಡುವ ಸಿದ್ಧ ಉಡುಪಿನ ಕಾರ್ಖಾನೆಯ ಗೇಟಿನೆದುರು ದಿನಗಟ್ಟಲೆ ನಿಂತು, ಸಂಜೆ ನಾನು ಯಾರ ಜೊತೆ ಹೊರಗೆ ಬರುತ್ತೇನೆ ಎಂದು ನೋಡಿದ್ದರಂತೆ. ಮದುವೆಯಾದ ಮೇಲೆ ಇದು ತಿಳಿದಾಗ ನಾನು ಕೇಳಿಯೇ ಬಿಟ್ಟೆ: "ಅತ್ತೆ, ಯಾರ ಜೊತೆ ಬರ್ತಿದ್ದೆ?"

"ಒಬ್ಳೇ ಬರ್ತಿದ್ದೆ" ಎಂದರು. "ಅದಕ್ಕೇ ಅನುಮಾನ ಬಂದಿದ್ದು."

ಇಂಥವರ ಜೊತೆ ಬಾಳುವುದೆಂದರೆ ಏನು ಎಂದು ಬಾಳಿದವರಿಗೇ ಗೊತ್ತು. ಕಾರ್ಖಾನೆಯಲ್ಲಿ ನಾನು ಗುಂಡಿ ಹಾಕುವ ವಿಭಾಗದವಳು. ಲೋಕದವರ ಅಂಗಿಗೆಲ್ಲ ಗುಂಡಿ ಹಾಕುತ್ತೇನೆ. ನಮ್ಮತ್ತೆಯ ಕೋಟಿನಲ್ಲಿ, ಎದೆಯ ಕೆಳಗೆ, ನಟ್ಟನಡುವಿನ ಗುಂಡಿ ಉದುರಿಹೋಗಿ ಯಾವ ಕಾಲವಾಗಿತ್ತೋ. ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. "ಕೊಡಿ ಅತ್ತೆ, ಚಿಟಿಕೆ ಹೊಡೆಯೋದ್ರಲ್ಲಿ ಹಾಕ್ಕೊಡ್ತೀನಿ" ಎಂದರೆ, ಕೋಟನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, "ಯಾಕೆ, ಜೇಬು ನೋಡೋಕಾ?" ಎನ್ನುತ್ತಿದ್ದರು. ಅದರ ಒಳಜೇಬಿನಲ್ಲಿ ಏನೋ ಇದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಉಬ್ಬಿಕೊಂಡಿರುತ್ತಿತ್ತು. ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಾನಂತೂ ಬಂಗಾರವೇ ಇರಬೇಕು ಎಂದುಕೊಂಡಿದ್ದೆ. ಅನುಮಾನ ಅಂಟುರೋಗ ನೋಡಿ, ಒಂದೇ ಸೂರಿನಡಿ ಇದ್ದರೆ ಹರಡದೆ ಇರುತ್ತದೆಯೇ?

ನನ್ನ ಮೊದಲ ಬಸಿರು ಹೊಟ್ಟೆಯಲ್ಲೇ ಹೋಯಿತು. ಏಳು ತುಂಬಿತ್ತು. ಆಗ ಅವರು ಅಳಲಿಲ್ಲ. ಗೋಡೆಗೆ ಒರಗಿ ಕೂತು, "ಎಲ್ಲೋ ಏನೋ ಮೋಸ ಆಗಿದೆ" ಎಂದು ಒಂದೇ ಮಾತು ಹೇಳುತ್ತಿದ್ದರು. ಔಷಧಿಯ ಮೇಲೆ, ನೀರಿನ ಮೇಲೆ, ಕಾರ್ಖಾನೆಯ ಬಣ್ಣದ ವಾಸನೆಯ ಮೇಲೆ, ನನ್ನ ಮೇಲೆ, ಸರತಿಯಲ್ಲಿ ಎಲ್ಲದರ ಮೇಲೂ ಅನುಮಾನಪಟ್ಟರು. ಮತ್ತೆ ನಾನು ಬಸುರಿಯಾದಾಗ ಒಂದೇ ಮಾತು ಹೇಳಿದರು: "ಈ ಸಲ ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಹೋಗಬಾರ್ದು."

ನೋವು ಶುರುವಾದ ಬೆಳಿಗ್ಗೆ ನಾವು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೋದೆವು. ಖಾಸಗಿಗೆ ಹೋಗುವ ಮಾತು ನಮ್ಮಂಥವರ ಮನೆಯಲ್ಲಿ ಏಳುವುದೇ ಇಲ್ಲ. ಗೇಟಿನ ಪಕ್ಕ ಚಹಾ ಮಾರುವವನೊಬ್ಬ ಇದ್ದ. ನನ್ನ ಗಂಡ ಆಟೋದವನಿಗೆ ದುಡ್ಡು ಕೊಡುವಷ್ಟರಲ್ಲಿ ಆ ಪುಣ್ಯಾತ್ಮ ನಮ್ಮತ್ತೆಯ ಕಿವಿಗೆ ಊದಿಬಿಟ್ಟಿದ್ದ: "ಹುಷಾರಮ್ಮಾ, ಇಲ್ಲಿ ಮಕ್ಕಳು ಅದಲುಬದಲಾಗ್ತವಂತೆ." ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದೇ. ಗಂಡಸರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ನನ್ನ ಗಂಡ ಗೇಟಿನ ಬಳಿಯೇ ಉಳಿದ. ನಮ್ಮತ್ತೆ ಕೋಟಿನ ಕಾಲರು ಸರಿಮಾಡಿಕೊಂಡು, ಬಸ್ಸು ಹತ್ತುವವರ ಹಾಗೆ ಒಳಗೆ ಕಾಲಿಟ್ಟರು.

ಆಸ್ಪತ್ರೆ ಎಂದರೆ ಒಂದು ಹೆರಿಗೆ ಕೋಣೆ, ಒಂದು ಉದ್ದನೆಯ ವಾರ್ಡು, ನಡುವೆ ಚಿಲಕ ಕಿತ್ತುಹೋದ ಬಾಗಿಲು. ವಾರ್ಡಿನ ಕಿಟಕಿಯೊಂದಕ್ಕೆ ಗಾಜಿನ ಬದಲು ರಟ್ಟು. ಇಡೀ ಸಾಲಿನ ದೀಪಗಳಿಗೂ ಫ್ಯಾನುಗಳಿಗೂ ಸೇರಿ ಒಂದೇ ಸ್ವಿಚ್ಚು. ಬೆಳಕು ಬೇಕೆಂದರೆ ಗಾಳಿಯೂ ಬೇಕು, ಗಾಳಿ ಬೇಡವೆಂದರೆ ಕತ್ತಲಲ್ಲಿ ಕೂರಬೇಕು. ಅಂಥಾ ಬುದ್ಧಿವಂತ ಯಾರೋ ಅದನ್ನು ಜೋಡಿಸಿದವನು. ಡಾಕ್ಟರು ಬರುವ ದಿನ ಅದಲ್ಲ. ಗಂಟಲು ಬಿದ್ದುಹೋದ ಒಬ್ಬ ಸಿಸ್ಟರ್, ಸೊಂಟ ಹಿಡಿದುಕೊಂಡು ಓಡಾಡುವ ಒಬ್ಬ ಆಯಾ, ಇಬ್ಬರೇ ಇದ್ದದ್ದು. ಹೆರುವವರು ಮೂವರು.

ನಮ್ಮತ್ತೆಯ ತಪಾಸಣೆ ಶುರುವಾಯಿತು. ಹೆರಿಗೆ ಕೋಣೆಯ ಮೂಲೆಯಲ್ಲಿ, ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ದೊಡ್ಡ ಯಂತ್ರವೊಂದು ಪ್ಲಾಸ್ಟಿಕ್ ಹೊದಿಕೆ ಹೊದ್ದು ನಿಂತಿತ್ತು. "ಇದು ನಡೆಯುತ್ತಾ?" ಎಂದು ಆಯಾಳನ್ನು ಕೇಳಿದರು.

"ಓಹೋ, ಚೆನ್ನಾಗಿ ನಡೆಯುತ್ತೆ" ಎಂದು ಆಯಾ ನಕ್ಕಳು.

"ಮೊದ್ಲೇ ನಕ್ಳು ನೋಡು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. "ನಡೆಯೋ ಯಂತ್ರದ ಮೇಲೆ ಇಷ್ಟು ಧೂಳು ಕೂರುತ್ತಾ?"

ಆಮೇಲೆ ಮಗುವಿಗೆಂದು ತಂತಿಯ ಮೇಲೆ ಹರವಿದ್ದ ಬಟ್ಟೆಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದರು. "ಇವು ಒಣಗಿಲ್ಲ" ಎಂದರು. "ಒಣಗಿರೋದು ನಿಮ್ಮನೆಯಿಂದ ತರಬೇಕಿತ್ತು, ನಾನೇನು ಸೂರ್ಯನಾ?" ಎಂದಳು ಆಯಾ. ನಾವು ತಂದಿದ್ದೆವು, ಆದರೆ ಆ ಗಂಟು ಗಂಡನ ಕೈಯಲ್ಲಿ ಗೇಟಿನಾಚೆ ಉಳಿದಿತ್ತು. ತರಲು ಹೋದರೆ ನನ್ನ ಮೇಲಿನ ಕಣ್ಣು ತಪ್ಪುತ್ತದೆಂದು ಅತ್ತೆ ಕದಲಲಿಲ್ಲ. ಮೂರನೆಯದಾಗಿ ಅವರು ಕಂಡದ್ದು ಭಾರೀ ಕಳ್ಳತನ: ಸಿಸ್ಟರ್ ಆಸ್ಪತ್ರೆಯ ಫ್ರಿಜ್ಜಿನಿಂದ ಸಣ್ಣ ಸಣ್ಣ ಔಷಧಿ ಶೀಶೆಗಳನ್ನು ತೆಗೆದು ತನ್ನ ಸ್ವಂತ ಫ್ಲಾಸ್ಕಿಗೆ ಹಾಕಿ, ಮುಚ್ಚಳ ತಿರುಗಿಸಿ, ಊಟದ ಚೀಲದಲ್ಲಿ ಇಟ್ಟುಕೊಂಡಳು. ಅತ್ತೆಯ ಕಣ್ಣು ಹೊಳೆಯಿತು. ಅಲ್ಲಾ, ನನಗೆ ಸೊಂಟ ಸೀಳಿಹೋಗುವ ನೋವು, ಇವರಿಗೆ ಕಳ್ಳಿ ಸಿಕ್ಕ ಸಂತೋಷ!

"ಈಗ ಹಿಡಿಯಲ್ಲ. ಮನೆಗೆ ಹೊರಡುವಾಗ ಗೇಟಲ್ಲಿ ಹಿಡಿತೀನಿ" ಎಂದರು.

"ಅತ್ತೆ, ನನ್ನ ಕೈ ಹಿಡ್ಕೊಳ್ಳಿ ಮೊದ್ಲು" ಎಂದು ನಾನು ಕಿರುಚಿದೆ.

ಕೈ ಹಿಡಿದುಕೊಂಡರು. ಅದನ್ನು ಹೇಳಲೇಬೇಕು. ಸಿಸ್ಟರ್ "ಹೊರಗೆ ಹೋಗಿ" ಎಂದು ಎಷ್ಟು ಗದರಿದರೂ, ಬಾಗಿಲ ಸಂದಿಗೆ ಒಂದು ಕಾಲು ಕೊಟ್ಟು, ಚಲಿಸುವ ಬಸ್ಸಿನ ಮೆಟ್ಟಿಲ ಮೇಲೆ ನಿಂತವರ ಹಾಗೆ ನಿಂತೇ ಇದ್ದರು. ಸಿಸ್ಟರ್ ಬಾಯಿ ಅಷ್ಟೇನೂ ಒಳ್ಳೆಯದಲ್ಲ. "ಕೂಗಿದ್ರೆ ಮಗು ಬರಲ್ಲ, ತಿಣುಕು! ಆಗ ಇಲ್ದಿರೋ ನಾಚಿಕೆ ಈಗ್ಯಾಕೆ?" ಎಂಬಂಥ ಮಾತುಗಳನ್ನೆಲ್ಲ ಆಡಿದಳು. ನಾನೂ ಆ ಹೊತ್ತಿಗೆ ಅವಳ ಹಿಂದಿನ ಮುಂದಿನ ವಂಶವನ್ನೆಲ್ಲ ಬೈದೆನಂತೆ. ಬಿಸಿಲು ಏರುವ ಹೊತ್ತಿಗೆ ಮಗು ಬಂತು. ಹೆಣ್ಣು. ಅತ್ತಿತು. ಆ ಅಳು ಕೇಳಿ ನಮ್ಮತ್ತೆ, "ಇದೇ ದನಿ, ನೆನಪಿಟ್ಕೊಂಡಿದೀನಿ" ಎಂದರು. ಸಿಸ್ಟರ್ ಮಗುವನ್ನು ನನ್ನ ಎದೆಯ ಮೇಲೆ ಒಂದು ಕ್ಷಣ ಇಟ್ಟಳು, ಕಪ್ಪು ಕೂದಲು ನನ್ನ ಗಲ್ಲಕ್ಕೆ ತಾಗಿತು, ಅಷ್ಟೇ. ಆಮೇಲೆ ಸಿಸ್ಟರ್ ಮುಖ ಬೇರೆಯಾಯಿತು. ನನ್ನಿಂದ ರಕ್ತ ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಆಯಾ ಮಗುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತಂತಿಯ ಮೇಲಿನ ಅದೇ ಹಸಿ ಬಟ್ಟೆಯಲ್ಲಿ ಸುತ್ತಿ, ಮುಂಗೈಗೆ ಮಂಚದ ನಂಬರಿನ ಪ್ಲಾಸ್ಟರ್ ಅಂಟಿಸಿ, ಅತ್ತೆಯ ಕೈಗೆ ಕೊಟ್ಟು, "ವಾರ್ಡಲ್ಲಿ ಕೂತ್ಕೊಳ್ಳಿ" ಎಂದು ಬಾಗಿಲೆಳೆದಳು.

ನನಗೆ ಕಣ್ಣು ಕತ್ತಲಿಡುತ್ತಿತ್ತು. ಸಿಸ್ಟರ್ ನನ್ನ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತುತ್ತಾ, "ಆಯಾ, ನನ್ನ ಊಟದ ಚೀಲ ತಾ, ಬೇಗ!" ಎಂದು ಕೂಗಿದಳು. ನನ್ನ ಜೀವ ಹೋಗುತ್ತಿದೆ, ಈ ಮಾರಾಯ್ತಿಗೆ ಊಟದ ಚಿಂತೆಯೇ ಎಂದುಕೊಂಡೆ. ಚೀಲದಿಂದ ಫ್ಲಾಸ್ಕು ಬಂತು, ಫ್ಲಾಸ್ಕಿನಿಂದ ಐಸಿನ ನಡುವೆ ಇದ್ದ ಶೀಶೆ ಬಂತು, ಶೀಶೆಯಿಂದ ನನ್ನ ತೊಡೆಗೆ ಸೂಜಿ ಬಂತು. "ಈ ಔಷಧಿ ಬಿಸಿಯಾದ್ರೆ ನೀರಿಗೆ ಸಮ" ಎಂದು ಅವಳು ಒತ್ತುತ್ತಲೇ ಗೊಣಗಿದಳು. "ಇಲ್ಲಿ ಕರೆಂಟ್ ಹೋದ್ರೆ ಫ್ರಿಜ್ಜೂ ಒಂದೇ, ಬಟ್ಟೆ ಬೀರುವೂ ಒಂದೇ." ಕಳ್ಳಿಯ ಫ್ಲಾಸ್ಕಿನಿಂದಲೇ ನನ್ನ ರಕ್ತ ನಿಂತಿತು. ನಿಲ್ಲಲು ಬಹಳ ಹೊತ್ತೇ ಹಿಡಿಯಿತು.

ಆ ಹೊತ್ತಿನಲ್ಲಿ ವಾರ್ಡಿನಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದ್ದು ಪಕ್ಕದ ಮಂಚದ ಬಾಣಂತಿ. ಅವಳಿಗೂ ಆ ಬೆಳಿಗ್ಗೆಯೇ ಹೆಣ್ಣು ಹುಟ್ಟಿತ್ತು. ಅದನ್ನೂ ಅಂಥದೇ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ನಮ್ಮತ್ತೆ ಕೂತ ಕೂಡಲೇ ಮೊದಲು ನೋಡಿದ್ದು ಅದನ್ನು. ಎರಡನೆಯದಾಗಿ ನೋಡಿದ್ದು ನಮ್ಮ ಮಗುವಿನ ಮುಂಗೈಯ ಪ್ಲಾಸ್ಟರನ್ನು. ಹಸಿ ಬಟ್ಟೆಗೆ ಅದು ಆಗಲೇ ಕಿತ್ತು ಬಂದಿತ್ತು. ಇನ್ನೇನು ಬೇಕು? ಜೇಬಿನಿಂದ ನೇರಳೆ ಪೆನ್ಸಿಲ್ಲು ತೆಗೆದು, ತುದಿಯನ್ನು ನಾಲಿಗೆಗೆ ತಾಗಿಸಿ, ಬಟ್ಟೆ ಬಿಚ್ಚಿ, ನನ್ನ ಮಗಳ ಎಡ ಅಂಗಾಲಿನ ಮೇಲೆ ಒಂದು ಗೀಟು ಎಳೆದರು. ಟಿಕೆಟ್ ಮೇಲೆ ಎಳೆಯುತ್ತಿದ್ದರಲ್ಲ, ಹಾಗೆಯೇ.

ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆಯಾ ಪೊರಕೆ ಹಿಡಿದು ಹತ್ತಿರ ಬಂದು ಹೋದಳು, ಬಟ್ಟೆ ಬಿಚ್ಚಿ ಗೀಟು ನೋಡಿದರು. ಪಕ್ಕದವಳ ತಾಯಿ ಬಗ್ಗಿ "ಯಾರ ಹೋಲಿಕೆ?" ಎಂದು ಕೇಳಿದಳು, ಬಿಚ್ಚಿ ನೋಡಿದರು. ತಾವು ಒಂದು ಚಣ ಕಣ್ಣು ಮುಚ್ಚಿದೆನೇನೋ ಎನ್ನಿಸಿತು, ಬಿಚ್ಚಿ ನೋಡಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ರಟ್ಟಿನ ಸಂದಿಯಿಂದ ಗಾಳಿ ಬರುತ್ತಿತ್ತು. ಮೊದಮೊದಲು ಬಿಚ್ಚಿದಾಗ ಮಗು ಅಳುತ್ತಿತ್ತಂತೆ. ಆಮೇಲೆ ಮುಲುಗುತ್ತಿತ್ತಂತೆ. ಆಮೇಲೆ ಅದೂ ಇಲ್ಲ.

"ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ" ಎಂದಳು ಪಕ್ಕದವಳು.

"ನಮ್ಮ ಮನೆತನವೇ ಹಾಗೆ, ಗಲಾಟೆ ಇಲ್ಲ" ಎಂದರಂತೆ ನಮ್ಮತ್ತೆ. ಅಯ್ಯೋ ದೇವರೇ! ಎಲ್ಲದರಲ್ಲೂ ಮೋಸ ಕಾಣುವ ಆ ಕಣ್ಣಿಗೆ ಮಗು ಸುಮ್ಮನಾದದ್ದೊಂದು ಮೋಸವಾಗಿ ಕಾಣಲಿಲ್ಲ. ಎಷ್ಟು ಸಲ ಬಿಚ್ಚಿದರೂ ನೋಡಿದ್ದು ಗೀಟನ್ನು ಮಾತ್ರ.

ಮಧ್ಯಾಹ್ನ ಕಳೆದ ಮೇಲೆ ಸಿಸ್ಟರ್ ಕೈಯ ರಕ್ತ ತೊಳೆದುಕೊಂಡು ವಾರ್ಡಿಗೆ ಬಂದಳು. "ಸೊಸೆ ಉಳ್ಕೊಂಡ್ಳಮ್ಮಾ. ಮಗು ಕೊಡಿ, ಹಾಲು ಕುಡಿಸ್ಬೇಕು" ಎಂದಳು.

"ಕೈಗೆ ಕೊಡಲ್ಲ. ನಾನೇ ಎತ್ಕೊಂಡು ಬರ್ತೀನಿ" ಎಂದರು ಅತ್ತೆ.

"ನಾನೇನು ತಿಂದ್ಬಿಡ್ತೀನಾ?"

"ಅದು ನಂಗೆ ಗೊತ್ತಿಲ್ಲ. ಆ ಫ್ಲಾಸ್ಕಲ್ಲಿ ಏನಿದೆ ಅಂತಾನೂ ಗೊತ್ತಿಲ್ಲ."

ಸಿಸ್ಟರ್ ಜಗಳಕ್ಕೆ ನಿಲ್ಲಲಿಲ್ಲ. ಅತ್ತೆಯ ತೋಳಿನಲ್ಲೇ ಇದ್ದ ಮಗುವಿನ ಬಟ್ಟೆಯೊಳಗೆ ಅಂಗೈ ತೂರಿಸಿ ಹೊಟ್ಟೆಯ ಮೇಲಿಟ್ಟಳು. ಕಾಲು ಹಿಡಿದು ನೋಡಿದಳು. ಅವಳ ಮುಖದ ಕಳೆ ಇಳಿದದ್ದು ಪಕ್ಕದವಳಿಗೂ ಕಾಣಿಸಿತು. "ಕೈಕಾಲು ಬಿಡಿ, ಹೊಟ್ಟೇನೂ ತಣ್ಣಗಾಗಿದ್ಯಲ್ರೀ! ಎಷ್ಟು ಹೊತ್ತಿಂದ ಹಿಂಗಿದೆ? ಏನಿದು ಕಾಲ ಮೇಲೆ?"

"ಗುರುತು" ಎಂದರು ಅತ್ತೆ. "ಬದಲಾಯಿಸ್ತೀರ ಅಂತ ಆಗಾಗ ತೆಗ್ದು ನೋಡ್ತಿದ್ದೆ."

"ನೋಡ್ತಿದ್ರಿ. ಮುಟ್ಟಿದ್ರಾ?"

"ಆ ಯಂತ್ರ..." ಎಂದು ಅತ್ತೆ ಹೆರಿಗೆ ಕೋಣೆಯ ಕಡೆ ಕೈ ತೋರಿಸಿದರು.

"ಅದರೊಳಗಿನ ಬಿಸಿ ಮಾಡೋ ಕಾಯಿಲು ಸುಟ್ಟುಹೋಗಿ ಯಾವ ಕಾಲ ಆಯ್ತೋ. ದೊಡ್ಡೋರು ಬಂದಾಗ ಧೂಳು ಒರೆಸಿ ತೋರಿಸೋಕೆ ಇಟ್ಟಿರೋದು" ಎಂದಳು ಸಿಸ್ಟರ್. "ತಪ್ಪು ನಂದೂ ಇದೆ. ನಡುವೆ ಒಂದ್ಸಲ ಬಂದು ಮುಟ್ಟಿ ನೋಡ್ಬೇಕಿತ್ತು. ಇಬ್ರನ್ನ ಒಟ್ಟಿಗೆ ಉಳಿಸೋಕೆ ನಂಗೆ ನಾಕು ಕೈ ಇಲ್ಲ. ಈಗ ಮಾತು ಬೇಡ. ಒಳಗಿನ ಅಂಗಿ ಬಿಚ್ಚಿ."

"ಯಾರ್ದು?"

"ನಿಮ್ದೇ. ನಿಮ್ಮ ಸೊಸೆ ಮೈಯಲ್ಲಿ ಈಗ ಕಾವಿಲ್ಲ, ನಡುಗ್ತಿದಾಳೆ. ಮಗುಗೆ ಒಂದು ಬಿಸಿ ಮೈ ಬೇಕು. ಬರೀ ಮೈಗೆ ಬರೀ ಮೈ ತಾಗಬೇಕು. ಮೇಲೆ ಆ ಕೋಟು ಹಾಕ್ಕೊಂಡು ಗುಂಡಿ ಹಾಕಿ."

ಬೀದಿಗೆಲ್ಲ ಸಿಂಹದಂತಿದ್ದವರು, ತಂಗಿಯರ ಮುಂದೆ ಕೂಡ ಬಟ್ಟೆ ಬದಲಾಯಿಸದವರು, ವಾರ್ಡಿನ ಮಂದಿಯ ನಡುವೆ ಗೋಡೆಗೆ ಮುಖ ಮಾಡಿ ಅಂಗಿ ಬಿಚ್ಚಿದರು. ಪಕ್ಕದ ಮಂಚದವಳು ತನ್ನ ಹೊದಿಕೆಯನ್ನೇ ಅಡ್ಡ ಹಿಡಿದಳಂತೆ. ಸಿಸ್ಟರ್ ಹಸಿ ಬಟ್ಟೆ ಎಸೆದು, ಮಗುವನ್ನು ಬರಿಮೈಯಲ್ಲಿ ಅವರ ಎದೆಯ ಮೇಲೆ ಕಪ್ಪೆಯ ಹಾಗೆ ಒರಗಿಸಿದಳು. "ತಲೆಗೆ ಟೋಪಿ ಬೇಕು. ಶಾಖ ಎಲ್ಲ ತಲೆಯಿಂದ್ಲೇ ಹೋಗೋದು. ಏನಾದ್ರೂ ಇದ್ಯಾ?"

ನಮ್ಮತ್ತೆ ಕೋಟಿನ ಒಳಜೇಬಿಗೆ ಕೈ ಹಾಕಿದರು. ನಾವು ಬಂಗಾರವಿದೆ ಎಂದುಕೊಂಡಿದ್ದ ಜೇಬು. ಅದರಿಂದ ಬಂದದ್ದು ಹಳದಿ ಉಣ್ಣೆಯ ಒಂದು ಪುಟ್ಟ ಟೋಪಿ. ನನ್ನ ಮೊದಲ ಬಸಿರಿನಲ್ಲಿ ಕದ್ದು ಹೆಣೆದದ್ದು. "ಹೋದ ಸಲ ಮುಂಚೇನೇ ಹೆಣೆದಿಟ್ಟೆ, ಅದಕ್ಕೇ ಹಂಗಾಯ್ತೇನೋ ಅಂತ..." ಎಂದರಂತೆ ಸಿಸ್ಟರಿಗೆ. "ಈ ಸಲ ಮನೆಗೆ ಹೋಗೋತನಕ ತೆಗಿಯಲ್ಲ ಅಂದ್ಕೊಂಡಿದ್ದೆ." ಊರಿನ ಮೇಲೆಲ್ಲ ಅನುಮಾನಪಡುತ್ತಿದ್ದವರು ಅಷ್ಟು ದಿನ ತಮ್ಮ ಮೇಲೇ ಅನುಮಾನಪಡುತ್ತಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ಸಿಸ್ಟರ್ ಟೋಪಿ ಹಾಕಿದಳು. ಪಕ್ಕದವಳ ಹೊದಿಕೆ ಹೊದಿಸಿದಳು. ದೀಪ ಹೋದರೆ ಹೋಗಲಿ ಎಂದು ಸ್ವಿಚ್ಚು ಒತ್ತಿ ಫ್ಯಾನು ನಿಲ್ಲಿಸಿದಳು. "ನಾನು ಹೇಳೋತನಕ ತೆಗಿಬಾರ್ದು. ನೋಡ್ಬೇಕು ಅನ್ಸುತ್ತೆ, ನೋಡ್ಬಾರ್ದು. ಬೆನ್ನು ಮೇಲೆ ಕೆಳಗೆ ಆಗ್ತಿದೆಯಾ ಅಂತ ನಿಮ್ಮ ಎದೆಗೇ ಗೊತ್ತಾಗುತ್ತೆ. ನಿಂತ್ರೆ ನನ್ನ ಕೂಗಿ" ಎಂದು ಹೇಳಿ ನನ್ನ ಬಳಿ ಬಂದಳು.

ಇದ್ಯಾವುದೂ ನನಗೆ ಗೊತ್ತಿಲ್ಲ. ನನಗೆ ಗೊತ್ತಾದದ್ದು ಇಷ್ಟು: ಸಿಸ್ಟರ್ ಒಂದು ಚಮಚ ತೊಳೆದು ತಂದು, ನನ್ನ ಎದೆ ಹಿಂಡಿ ನಾಲ್ಕು ಹನಿ ಹಾಲು ತೆಗೆದುಕೊಂಡಳು.

"ಚಮಚ ಯಾಕೆ? ಮಗು ತನ್ನಿ" ಎಂದೆ.

"ಅಜ್ಜಿ ಹತ್ರ ಇದೆ. ಮಲಗಿದೆ."

"ಮಲಗಿದ್ರೆ ಹಾಲು ಯಾಕೆ?"

ಸಿಸ್ಟರ್ ಕಿಟಕಿಯಿಂದಾಚೆ ನೋಡಿದಳು. ಟಿಕೆಟ್ ಇಲ್ಲದವರು ಎಲ್ಲಿ ನೋಡುತ್ತಾರೆಂದು ನನಗೆ ಚೆನ್ನಾಗಿ ಪಾಠವಾಗಿತ್ತಲ್ಲ. ಚಮಚ ಹೋಯಿತು, ಬರಿದಾಗಿ ವಾಪಸು ಬಂತು. "ನುಂಗ್ತು" ಎಂದಳು. ಯಾರು ನುಂಗಿದರು, ಯಾರು ಕಂಡರು? ನೆಲಕ್ಕೆ ಚೆಲ್ಲಿದರೂ ಚಮಚ ಬರಿದೇ ಆಗುತ್ತದೆ. ಮತ್ತೆ ಬಂದು ಹಿಂಡಿದಳು. ಹೊರಗಿನಿಂದ ಒಂದು ಅಳುವಿನ ದನಿ ಕೇಳಿತು, ಅದು ನನ್ನ ಮಗುವಿನದಲ್ಲ, ಪಕ್ಕದ ಮಂಚದವಳ ಮಗುವಿನದು ಎಂದು ಆಯಾ ಬಾಯಿ ತಪ್ಪಿ ಹೇಳಿಬಿಟ್ಟಳು. ಹೋದ ಸಲವೂ ಹೀಗೆಯೇ, ಎಲ್ಲರೂ ಮೆಲ್ಲಗೆ ಮಾತಾಡಿದ್ದರು, ಎಲ್ಲರೂ ಬೇರೆ ಕಡೆ ನೋಡಿದ್ದರು. ನನಗೆ ಏಳಲು ಆಗುತ್ತಿರಲಿಲ್ಲ. ಹಲ್ಲು ಕಟಕಟ ಕಡಿಯುತ್ತಿತ್ತು. ಮಲಗಿದಲ್ಲೇ ನಾನು ಲೆಕ್ಕ ಹಾಕಿದೆ: ಮಗು ಹೋಗಿದೆ, ನಾನು ಚೇತರಿಸಿಕೊಳ್ಳುವವರೆಗೆ ಹೇಳಬಾರದೆಂದು ಇವರೆಲ್ಲ ಮಾತಾಡಿಕೊಂಡಿದ್ದಾರೆ, ಚಮಚ ಬರೀ ನಾಟಕ.

ಬಿಸಿಲು ಇಳಿಯುವ ಹೊತ್ತಿಗೆ ನನ್ನನ್ನು ಗಾಲಿ ಮಂಚದಲ್ಲಿ ವಾರ್ಡಿಗೆ ತಳ್ಳಿಕೊಂಡು ಬಂದರು. ನಮ್ಮತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೊದಿಕೆ ಹೆಗಲವರೆಗೆ. ಕೋಟು ಕುತ್ತಿಗೆಯವರೆಗೆ ಗುಂಡಿ. ಮಗು ಎಲ್ಲೂ ಕಾಣಲಿಲ್ಲ. ತೋಳಿನಲ್ಲಿಲ್ಲ, ಮಂಚದ ಮೇಲಿಲ್ಲ. ನನ್ನನ್ನು ನೋಡಿ ಅವರು ಕಣ್ಣು ಕೆಳಗೆ ಮಾಡಿದರು.

"ಅತ್ತೆ, ಮಗು ಎಲ್ಲಿ?"

"ಇಲ್ಲೇ ಇದೆ." ಎದೆಯ ಮೇಲಿನ ಉಬ್ಬಿನ ಮೇಲೆ ಕೈ ಇಟ್ಟುಕೊಂಡರು.

"ತೋರಿಸಿ."

"ಈಗ ಬೇಡ."

"ಒಂದ್ಸಲ ತೋರಿಸಿ ಅತ್ತೆ."

"ತೆಗಿಬಾರ್ದು ಅಂತ ಸಿಸ್ಟರ್ ಹೇಳಿದಾರೆ."

ಸಿಸ್ಟರ್ ಹೇಳಿದ ಮಾತನ್ನು ನಮ್ಮತ್ತೆ ಕೇಳುವುದೇ! ಲೋಕದಲ್ಲಿ ಯಾರ ಮಾತನ್ನೂ ನಂಬದವರು, ಆ ಕಳ್ಳಿಯ ಮಾತನ್ನು ನಂಬಿ ಕೂತಿದ್ದಾರೆಯೇ? ಅದೇ ನನಗೆ ಕೊನೆಯ ಸಾಕ್ಷಿಯಾಯಿತು. ನನ್ನ ದನಿ ನನ್ನದೇ ಅಲ್ಲವೆಂಬಂತೆ ಹೊರಬಂತು. "ಸುಳ್ಳು ಹೇಳ್ಬೇಡಿ. ತೋರಿಸೋಕೆ ತಕರಾರು ಮಾಡೋರ ಹತ್ರ ಏನೂ ಇರಲ್ಲ ಅಂತ ನೀವೇ ಹೇಳಿಲ್ವಾ? ನನ್ನ ಮಗು ಹೋಗಿದೆ ಅಲ್ವಾ? ಹೇಳ್ಬಿಡಿ. ಕೋಟು ಬಿಚ್ಚಿ ತೋರಿಸ್ಬಿಡಿ!"

ಇಡೀ ವಾರ್ಡು ನಮ್ಮನ್ನೇ ನೋಡಿತು. ಅತ್ತೆ ತಲೆ ಎತ್ತಿದರು. ಆ ಕಣ್ಣುಗಳಲ್ಲಿ ನೀರು ನಿಂತದ್ದನ್ನು ನಾನು ಅದೇ ಮೊದಲ ಸಲ ಕಂಡದ್ದು.

"ತೆಗ್ದು ತೆಗ್ದು ನೋಡೇ ನಾನು ಇದನ್ನ ಕೊಲ್ತಿದ್ದೆ ಕಣೆ" ಎಂದರು. "ನೀನು ಹೊಡಿ, ಬೈಯಿ, ಜನ್ಮದಲ್ಲಿ ಮಾತಾಡಿಸ್ಬೇಡ. ತೆಗಿಯಲ್ಲ. ನನ್ನ ನಂಬು."

ನಂಬು! ಆ ಬಾಯಿಂದ ಆ ಮಾತು. ನಾನು ಅಳುತ್ತಾ, ಬೈಯುತ್ತಾ, ಮಂಚದ ಅಂಚು ಹಿಡಿದು ಏಳಲು ಹೋದೆ. ಅವರು ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದುಕೊಂಡರು. ಅಂಗೈ ಮೇಲೆ ಮಾಡಿ ತಮ್ಮ ಕೆನ್ನೆಗೆ ಒತ್ತಿ ಪರೀಕ್ಷಿಸಿದರು, ಆ ಹೊತ್ತಿನಲ್ಲೂ. "ತಣ್ಣಗಿದೆ. ಉಜ್ಜು ಮೊದ್ಲು" ಎಂದರು. ತಾವೇ ತಮ್ಮ ಎರಡು ಕೈಗಳ ನಡುವೆ ಇಟ್ಟು ಉಜ್ಜಿದರು, ಬಾಯಿಯ ಬಿಸಿ ಊದಿದರು, ಮತ್ತೆ ಕೆನ್ನೆಗೆ ಒತ್ತಿ ನೋಡಿದರು. ಒಪ್ಪಿಗೆಯಾದ ಮೇಲೆ ನನ್ನ ಕೈಯನ್ನು ತಂದು, ಕೋಟಿನ ನಟ್ಟನಡುವೆ, ನಾನು ಹಾಕಲು ಕಾದಿದ್ದ ಗುಂಡಿ ಇಲ್ಲದ ಆ ಸಂದಿಯಲ್ಲಿ ಒಳಗೆ ತೂರಿಸಿದರು.

ಮೊದಲು ಅವರ ಚರ್ಮ ಸಿಕ್ಕಿತು, ಬೆವತಿತ್ತು. ಆಮೇಲೆ ಪುಟ್ಟದೊಂದು ಅಂಗಾಲು. ಎಡಗಾಲೋ ಬಲಗಾಲೋ, ಗೀಟು ಇತ್ತೋ ಇಲ್ಲವೋ, ನನ್ನ ಬೆರಳಿಗೆ ಹೇಗೆ ಗೊತ್ತಾಗಬೇಕು? ಬೆಚ್ಚಗಿತ್ತು. ನಾನು ಉಸಿರು ಬಿಗಿಹಿಡಿದು ಕಾದೆ. ಬೆಚ್ಚಗಿರುವುದು ಅತ್ತೆಯ ಮೈ ಕಾವಿನಿಂದಲೂ ಇರಬಹುದಲ್ಲ ಎಂದು ಪಾಪಿ ಮನಸ್ಸು ಹೇಳಿತು. ಆಗ ಆ ಅಂಗಾಲು ನನ್ನ ಬೆರಳನ್ನು ಒದೆಯಿತು. ಒಂದಲ್ಲ, ಎರಡು ಸಲ, ಕೋಪದಿಂದ, ಯಾಕೆ ಎಬ್ಬಿಸಿದೆ ಎಂಬ ಹಾಗೆ. ಕೋಟಿನೊಳಗಿಂದ ಸಣ್ಣದೊಂದು ಅಳು ಬಂತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಹೊಲಿಗೆ ಹಾಕಿದ ಕಡೆಯೆಲ್ಲ ನೋವು ಕಿತ್ತುಕೊಂಡು ಬಂತು. ಅಷ್ಟು ಸಂತೋಷದ ನೋವನ್ನು ನಾನು ಜನ್ಮದಲ್ಲಿ ಉಂಡಿಲ್ಲ.

"ಆಯ್ತಲ್ಲ, ಗೊತ್ತಾಯ್ತಲ್ಲ" ಎಂದರು ಅತ್ತೆ. "ಇನ್ನು ಕೈ ತೆಗಿ. ಸಂದಿಯಿಂದ ಗಾಳಿ ಹೋಗುತ್ತೆ."

ನಾನು ತೆಗೆಯಲಿಲ್ಲ. ಅವರು ಬಗ್ಗಿ ನೋಡಿದರು. ನನ್ನ ಮುಂಗೈ ಆ ಸಂದಿಯನ್ನು ಸರಿಯಾಗಿ ಮುಚ್ಚಿತ್ತು, ಗಾಳಿಗೆ ಜಾಗವೇ ಇರಲಿಲ್ಲ.

"ಸರಿ, ಹಾಗಾದ್ರೆ ಅಲ್ಲೇ ಇಟ್ಟಿರು" ಎಂದರು. "ಅಲ್ಲಾಡಿಸ್ಬೇಡ."